ಉಪ್ಪು ಬೆರೆಸಿದ ಪ್ರಸಾದ

ನೀರು ಸುರಿಯುವವರನ್ನು ಕಂಡರೆ ಕಾಯಿಮಾಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೀದಿಯ ಹೆಂಗಸರು ಬೆಳಿಗ್ಗೆ ಎದ್ದು ಹೂವಿನ ಗಿಡಕ್ಕೆ ಚೊಂಬೆತ್ತಿ ನೀರು ಹೊಯ್ದರೆ ತಮ್ಮ ಜಗಲಿಯಿಂದಲೇ ಕೂಗು ಹಾಕುತ್ತಿದ್ದರು. ಬಿಸಿಲಿನಲ್ಲಿ ಬಂದ ನೆಂಟರು ಲೋಟ ಮೇಲೆತ್ತಿ ಗಟಗಟನೆ ಗಂಟಲಿಗೆ ಬಿಟ್ಟುಕೊಂಡರೆ, ನೆಂಟರೆಂಬ ದಾಕ್ಷಿಣ್ಯವೂ ಇಲ್ಲದೆ, "ಅದೇನ್ ಬಾಯಾ, ಬಾವಿಯಾ? ಮೆದುವಾ! ಮೆದುವಾ!" ಅನ್ನುತ್ತಿದ್ದರು. ಮೆದುವಾ ಎಂದರೆ ತಮಿಳಿನಲ್ಲಿ ಮೆಲ್ಲಗೆ. ಬೋಡಿನಾಯಕನೂರಿನ ನಮ್ಮ ಬೀದಿಯಲ್ಲಿ ಅದು ಅವರ ಎರಡನೆಯ ಹೆಸರೇ ಆಗಿಹೋಗಿತ್ತು. ಮೊದಲನೆಯದು ಕಾಯಿಮಾಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಇಲ್ಲಿ ಬರೆದರೆ ನಮ್ಮ ಬೀದಿಯವರಿಗೇ ಯಾರೆಂದು ಗೊತ್ತಾಗುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಕಾಯಿ ಎಂದರೆ ಏಲಕ್ಕಿ. ಊರಿಗೆ ಊರೇ ಅದರ ಮೇಲೆ ನಿಂತಿರುವಾಗ ಪೂರ್ತಿ ಹೆಸರು ಹೇಳುವ ಶ್ರಮ ಯಾರೂ ತೆಗೆದುಕೊಳ್ಳುವುದಿಲ್ಲ. ಮಾಮ ಎಂದರೆ ಸ್ವಂತ ಸೋದರಮಾವನೇನಲ್ಲ. ನಮ್ಮವರು, ಮನೆಯಲ್ಲಿ ಕನ್ನಡ ಆಡುವವರು. ಅವ್ವ ಅವರನ್ನು ಅಣ್ಣ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೂ ನನ್ನ ತಮ್ಮ ಸೆಂದಿಲನಿಗೂ ಅವರು ಮಾಮ. ಅವರಿಗೆ ನಾನು ಕೂಸು, ಅವನು ಮಾಪ್ಳೆ, ಅಂದರೆ ಅಳಿಯ. ಎಷ್ಟೋ ತಲೆಮಾರುಗಳ ಹಿಂದೆ ಬಂದು ಈ ಕಣಿವೆಯಲ್ಲಿ ನೆಲೆಸಿದ ನಮ್ಮ ಜನರ ಕನ್ನಡಕ್ಕೆ ಬಾಯಿ ಇತ್ತು, ಅಕ್ಷರ ಇರಲಿಲ್ಲ. ಶಾಲೆಯಲ್ಲಿ ಓದಿದ್ದೆಲ್ಲ ತಮಿಳು. ನಾನು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಅಕ್ಷರ ಕಲಿತೆ. ಕಲಿತ ಜಂಬಕ್ಕೆ ಒಂದು ರಜೆಯಲ್ಲಿ ಕನ್ನಡ ಪತ್ರಿಕೆಯೊಂದನ್ನು ಊರಿಗೆ ಕೊಂಡುಹೋಗಿ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಕಾಯಿಮಾಮ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ, "ಚಂದಾಗ್ ಅದೆ ಕೂಸೆ. ಯಾರ್ ಬಾಸೆ ಇದು?" ಅಂದರು.

ಅವರ ಕಸುಬು ವಿಚಿತ್ರವಾದದ್ದು. ಬೋಡಿಮೆಟ್ಟು ಘಟ್ಟದ ಮೇಲಿನ ಎಸ್ಟೇಟುಗಳಲ್ಲಿ ಹಸಿ ಕಾಯಿಯನ್ನು ಬೆಂಕಿಯ ಶಾಖದ ಕೋಣೆಯಲ್ಲಿ ಒಣಗಿಸುತ್ತಾರೆ. ಬೆಂಕಿ ನೋಡಿಕೊಳ್ಳುವವನು ತೂಕಡಿಸಿದನೋ ಮುಗಿಯಿತು, ಕಾಯಿ ಮಿತಿ ಮೀರಿ ಒಣಗಿ ಗರಿಗರಿಯಾಗುತ್ತದೆ. ಮುಟ್ಟಿದರೆ ಸಿಪ್ಪೆ ಬಿರಿದು ಒಳಗಿನ ಬೀಜ ಉದುರುತ್ತದೆ. ಅಂಥ ಕಾಯಿಯನ್ನು ಬೇರೆ ವ್ಯಾಪಾರಿಗಳು ತಿರುಗಿಯೂ ನೋಡುತ್ತಿರಲಿಲ್ಲ. ಕಾಯಿಮಾಮ ಅದನ್ನೇ ಹುಡುಕಿಕೊಂಡು ಹೋಗಿ ತರುತ್ತಿದ್ದರು. ಮನೆಯ ಹಿಂದುಗಡೆ ಕಿಟಕಿಯಿಲ್ಲದ ಒಂದು ಕೋಣೆ. ಅದರ ನೆಲಕ್ಕೆ ನೆನೆಸಿ ಹಿಂಡಿದ ಗೋಣಿಚೀಲ ಹಾಸಿ, ಅದರ ಮೇಲೆ ಎತ್ತರಕ್ಕೆ ಬಿದಿರಿನ ತಟ್ಟಿ ಕಟ್ಟಿ, ತಟ್ಟಿಯ ಮೇಲೆ ಬಿಳಿ ಬಟ್ಟೆ ಹರಡಿ, ಬಟ್ಟೆಯ ಮೇಲೆ ಕಾಯಿಯನ್ನು ತೆಳ್ಳಗೆ ಸುರುವಿ ಬಾಗಿಲು ಹಾಕಿಬಿಡುತ್ತಿದ್ದರು. ಗೋಣಿಯ ತಂಪು ಮೇಲೇರಿ ಕಾಯಿಗೆ ಹತ್ತಬೇಕು. ಒಂದು ಹನಿ ನೀರೂ ನೇರವಾಗಿ ತಾಗಬಾರದು.

ಆಗಾಗ ಒಳಗೆ ಹೋಗಿ ಒಂದು ಹಿಡಿ ಕಾಯಿ ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಅಂದರೆ, "ಇನ್ನ ಮಾತಾಡ್ತದೆ" ಎಂದು ಬಾಗಿಲು ಹಾಕಿ ಬರುತ್ತಿದ್ದರು. ಸದ್ದು ನಿಂತ ದಿನ ತಟ್ಟಿಯನ್ನು ಹೊರಗೆ ತಂದು ನೆರಳಿನಲ್ಲಿ ಇಡುತ್ತಿದ್ದರು. ಬಣ್ಣ ಪೂರ್ತಿ ಮರಳುತ್ತಿರಲಿಲ್ಲ, ಆದರೆ ಸಿಪ್ಪೆ ಮೆತ್ತಗಾಗಿ ಬಾಯಿ ಮುಚ್ಚಿಕೊಂಡು, ಬೀದಿಯ ತುದಿಯಿಂದಲೇ ಘಮ್ಮೆಂದು ಬರುತ್ತಿತ್ತು. ಬಜಾರಿನಲ್ಲಿ ಕೆಲವರು ಅವರ ಸರಕನ್ನು ನೀರ್‌ಕಾಯಿ ಎಂದು ಹೀಯಾಳಿಸುತ್ತಿದ್ದರು, ತೂಕಕ್ಕಾಗಿ ನೀರು ಕುಡಿಸುತ್ತಾರೆ ಎಂಬ ಅರ್ಥದಲ್ಲಿ. ಅದನ್ನು ಕೇಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮಾತಾಡಿದವನ ಕೈ ಹಿಡಿದೆಳೆದು, ಅಂಗೈಯಲ್ಲಿ ಒಂದು ಕಾಯಿ ಬಿಡಿಸಿ, ಕರಿ ಬೀಜವನ್ನು ತೋರಿಸಿ, "ನೀರಾ ಇದು? ಮೂಸ್ನೋಡು! ಮೂಗ್ ಅದೆ ತಾನೆ?" ಎಂದು ಬಜಾರಿಗೆಲ್ಲ ಕೇಳುವಂತೆ ಜಗಳ ತೆಗೆಯುತ್ತಿದ್ದರು. ಜಗಳದ ಕೊನೆಗೆ ಇಬ್ಬರೂ ಟೀ ಕುಡಿಯಲು ಹೋಗುತ್ತಿದ್ದರು.

ಅವರನ್ನು ಮಹಾಜ್ಞಾನಿ ಎಂದು ಚಿತ್ರಿಸುವ ಇರಾದೆ ನನಗಿಲ್ಲ. ಒಂದು ಮಳೆಗಾಲದಲ್ಲಿ ಯಾವುದೋ ಅವಸರಕ್ಕೆ ಅವರೇ ತಮ್ಮ ನೇಮ ಮುರಿದು ಕಾಯಿಯ ಮೇಲೆ ಕೈಯಿಂದ ನೀರು ಚಿಮುಕಿಸಿದ್ದರು. ಕೋಣೆಗೆ ಕೋಣೆಯೇ ಬೂಷ್ಟು ಹಿಡಿದು ಬೀದಿಯೆಲ್ಲ ಮುಗ್ಗಲು ವಾಸನೆ. ಆ ರಾಶಿಯನ್ನು ಗಾಡಿಯಲ್ಲಿ ತುಂಬಿಸಿ ತಿಪ್ಪೆಗೆ ಹಾಕಿಸಿ ಬಂದವರು ಜಗಲಿಯಲ್ಲಿ ತಲೆ ಬಗ್ಗಿಸಿ ಕೂತರು. ಏನಾಯಿತು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಸುರ್ದೆ. ಕುಡಿಯಕ್ ಬಿಡ್ದೆ ಸುರ್ದೆ." ಹೂವಿನ ಗಿಡಕ್ಕೆ ನೀರು ಹೊಯ್ಯುವ ಹೆಂಗಸರನ್ನು ಅವರು ಗದರಿಸತೊಡಗಿದ್ದು ಅದಾದ ಮೇಲೆಯೇ ಎಂದು ಅವರ ಹೆಂಡತಿ ಹೇಳುತ್ತಿದ್ದರು.

ಅವರ ಹೆಂಡತಿಯನ್ನು ನಾವು ಅತ್ತೆ ಅನ್ನುತ್ತಿದ್ದೆವು. ಗಂಡನ ಈ ಅಧಿಕಾರ ಅಡುಗೆಮನೆಗೂ ವಿಸ್ತರಿಸಿದ್ದು ಅತ್ತೆಗೆ ಒಂದು ಕಾಟ. ಒಣ ಅವರೆಕಾಳು ನೆನೆಹಾಕಿದರೆ ಬಂದು ಬೆರಳಿನಲ್ಲಿ ಒತ್ತಿ ನೋಡುವುದು, ಒಣಗಿಸಿಟ್ಟ ಸುಂಡೆಕಾಯಿ ವತ್ತಲು ಬಿಸಿನೀರಿಗೆ ಹಾಕಿದರೆ ಬಿಸಿ ಜಾಸ್ತಿಯಾಯಿತೆಂದು ರಾಗ ತೆಗೆಯುವುದು. ಒಂದು ದಿನ ಅತ್ತೆ ಸೌಟು ತೋರಿಸಿ, "ನಿನ್ ರಾಜ್ಯ ಹಿಂದ್ಗಡೆ ರೂಮು. ಇದು ನಂದು. ಗಡಿ ದಾಟ್ಬ್ಯಾಡ" ಅಂದರು. ಕಾಯಿಮಾಮ ಹೊಸಿಲಿನಿಂದ ಆಚೆ ನಿಂತು, ಕತ್ತು ಮಾತ್ರ ಒಳಗೆ ಚಾಚಿ, "ಮೆದುವಾ" ಅಂದು ಓಡಿದರು.

ಈಗ ನಾನು ಇಷ್ಟೆಲ್ಲ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ.

ಸೆಂದಿಲ ಒಂದು ಸಂಜೆ ಬೋಡಿಮೆಟ್ಟಿನಿಂದ ಬೈಕಿನಲ್ಲಿ ಇಳಿಯುವಾಗ ತಿರುವಿನಲ್ಲಿ ಬಿದ್ದ. ತಲೆಗೆ ಪೆಟ್ಟಾಗಿ ತೇನಿಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಅವ್ವ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿರುತ್ತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೊನೆಗೆ ಅವನು ಕಣ್ಣು ತೆರೆದ, ಎದ್ದ, ಓಡಾಡಿದ, ಬೈಕನ್ನೂ ಹತ್ತಿದ. ಸಂಕ್ರಾಂತಿಯಿಂದ ಶುರುವಾಗುವ ತೈ ತಿಂಗಳು ಬಂದಾಗ ಅವ್ವ ಪಳನಿಬೆಟ್ಟದ ಮುರುಗನ ಗುಡಿಗೆ ನಡೆದು ಹೋಗುತ್ತೇನೆ ಎಂದಳು. ನಮ್ಮ ಬೀದಿಯಿಂದ ಪ್ರತಿವರ್ಷ ಒಂದು ಗುಂಪು ಹೊರಡುತ್ತದೆ. ಮುಂದೆ ಮುರುಗನ ಈಟಿ, ಹೂವು ಕಟ್ಟಿದ ವೇಲಾಯುಧ ಹಿಡಿದ ಗುರುಸಾಮಿ, ಅಂದರೆ ಗುಂಪಿನ ಹಿರಿಯರು, ಹಿಂದೆ ಪಾತ್ರೆ, ಚಾಪೆ, ಅಕ್ಕಿ ತುಂಬಿದ ಟೆಂಪೊ. ನಾನು ಕೆಲಸ ಮಾಡುವ ಶಾಲೆಗೆ ರಜೆ ಹಾಕಿ ಮೈಸೂರಿನಿಂದ ಬಂದು ಸೇರಿಕೊಂಡೆ. ಸೆಂದಿಲನೂ ಬಂದ. ಕಾಯಿಮಾಮ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅವರಿಗೆ ದೇವರ ಮೇಲೆ ದ್ವೇಷವೇನಿರಲಿಲ್ಲ, ವ್ಯವಹಾರವೂ ಇರಲಿಲ್ಲ. "ಊರೇ ಹೊಂಟದೆ. ಇಲ್ಲಿದ್ದು ನಾನ್ ಯಾರ್ ಕೂಡ ಜಗಳ ಆಡ್ಲಿ?" ಅಂದು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟರು.

ಆ ದಿನಗಳಲ್ಲಿ ಪಳನಿಯ ದಾರಿಯನ್ನು ನೋಡಬೇಕು. ಪೆರಿಯಕುಳಂ ದಾಟುವಷ್ಟರಲ್ಲೇ ಹೆಜ್ಜೆ ಹೆಜ್ಜೆಗೂ ಚಪ್ಪರ. ನಡೆಯುವವರಿಗೆ ನೀರು, ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು. ಬೇಡವೆಂದರೂ ಕೈಗೆ ತುರುಕುತ್ತಾರೆ. ಅವ್ವ ಮಾತ್ರ ಕೈಮುಗಿದು ಮುಂದೆ ಹೋಗುತ್ತಿದ್ದಳು. ಮೊದಲ ದಿನ ದಾಹವಿಲ್ಲ ಅಂದಳು. ನಂಬಿದೆ. ಮರುದಿನ ದೇವದಾನಪಟ್ಟಿಯ ಹತ್ತಿರ ಅವಳ ತುಟಿ ಬಿರಿದದ್ದು ನೋಡಿ ನಾನು ರೇಗಿದಾಗ ನಿಜ ಹೊರಬಂತು.

"ಹೊತ್ತು ಮುಳುಗೋಗಂಟ ನೀರ್ ಕುಡಿಯಲ್ಲಾಂತ ಹರ್ಕೆ ಹೊತ್ತಿವ್ನಿ. ನಿನ್ ತಮ್ಮನ್ ಉಸ್ರು ಸುಮ್ಮಾ ಬಂತಾ?" ಅಂದಳು.

"ಯಾರವ್ವ ನಿನ್ನ ಹಿಂಗೆ ಬೇಡ್ಕೊ ಅಂದಿದ್ದು?"

"ಯಾರೂ ಅನ್ನಿಲ್ಲ. ನಾನೇ ಅಂದೆ. ಅಂದ್ಮ್ಯಾಗೆ ಆತು."

ಅವ್ವನ ಹಟ ನನಗೆ ಹೊಸದಲ್ಲ. ರಾತ್ರಿ ಚೆನ್ನಾಗಿ ಕುಡಿಯುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ವತ್ತಲಗುಂಡಿನಲ್ಲಿ ತಂಗಿದಾಗ ತಿಂದದ್ದು ಏನೋ ಅವಳಿಗೆ ಒಗ್ಗಲಿಲ್ಲ. ಬೆಳಗಿನಿಂದ ವಾಂತಿ, ಭೇದಿ. ಅದನ್ನು ನಮ್ಮಿಂದ ಮುಚ್ಚಿಟ್ಟು, ಹಿಂದೆ ಹಿಂದೆ ಉಳಿದು, ಹೊಲದ ಮರೆಗೆ ಹೋಗಿ ಬಂದು ಮತ್ತೆ ನಡೆಯುತ್ತಿದ್ದಳು. ಬಿಸಿಲು ಏರಿದಾಗ ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂತವಳು ಹಾಗೇ ಒಂದು ಮಗ್ಗುಲಿಗೆ ಜಾರಿದಳು.

ನಾನು ಓಡಿಹೋಗಿ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಕಣ್ಣು ಗುಳಿಬಿದ್ದಿತ್ತು. ನಾಲಿಗೆ ಅಂಗುಳಿಗೆ ಅಂಟಿ ಮಾತು ತೊದಲುತ್ತಿತ್ತು. ಕೈಕಾಲು ತಣ್ಣಗೆ. ಗುಂಪೆಲ್ಲ ಸುತ್ತ ನೆರೆಯಿತು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ದಾರಿಯುದ್ದಕ್ಕೂ ಜನ ತುಂಬಿದೆ, ಬರುವುದು ತಡವಾಗುತ್ತದೆ ಎಂಬ ಉತ್ತರ ಬಂತು. ಸೆಂದಿಲ ಅಳುತ್ತ ಬಾಟಲಿಯ ಮುಚ್ಚಳ ತೆಗೆದು, ಅವ್ವನ ಗಲ್ಲ ಒತ್ತಿ ಹಿಡಿದು, ಬಾಯಿಗೆ ನೀರು ಹೊಯ್ದ. ಅವ್ವ ಎಲ್ಲಿತ್ತೋ ಅಷ್ಟು ಬಲ, ಹಲ್ಲು ಕಚ್ಚಿ ಮುಖ ತಿರುಗಿಸಿದಳು. ನೀರು ಕೆನ್ನೆಯ ಮೇಲಿಂದ ಹರಿದು ಕೊರಳಿಗೆ ಇಳಿಯಿತು, ಸ್ವಲ್ಪ ಮೂಗಿಗೆ ಹೋಗಿ ಕೆಮ್ಮು ಹತ್ತಿತು.

"ಸುರಿಬ್ಯಾಡ ಮಾಪ್ಳೆ!"

ಕಾಯಿಮಾಮ ಜನರನ್ನು ತಳ್ಳಿಕೊಂಡು ಬಂದರು. ಸೆಂದಿಲನ ಕೈಯಿಂದ ಬಾಟಲಿ ಕಿತ್ತುಕೊಂಡರು. ಅವ್ವನ ಹತ್ತಿರ ಕೂತು ಅವಳ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಎತ್ತಿದ ಚರ್ಮ ಎತ್ತಿದಂತೆಯೇ ನಿಂತಿತು, ಇಳಿಯಲಿಲ್ಲ. ಅವರ ಮುಖ ಕಪ್ಪಿಟ್ಟಿತು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಗುರುಸಾಮಿ, "ಅವಳ್ಗೆ ಹರ್ಕೆ ಅದೆ. ನಾವ್ ಕುಡಿಸಿ ಪಾಪ ಕಟ್ಕಳದಾ?" ಎಂದು ಗೊಣಗಿದರು. ಸೆಂದಿಲ ಅವರ ಮೇಲೆ ಏರಿಹೋದ. "ಹರ್ಕೆ ನನ್ ಹೆಸ್ರಲ್ಲಿ ತಾನೆ? ನಾನೇ ಬ್ಯಾಡ ಅಂತೀನಿ!" ಎಂದು ಕೂಗಿದ. ಅವ್ವ ಅದನ್ನು ಕೇಳಿ ಇನ್ನೂ ಬಿಗಿಯಾಗಿ ಬಾಯಿ ಮುಚ್ಚಿದಳು. ಮಾತು ತಪ್ಪಿದರೆ ಕೊಟ್ಟ ಮಗನನ್ನು ದೇವರು ಹಿಂದಕ್ಕೆ ಕೇಳುತ್ತಾನೆ ಎಂಬ ಹೆದರಿಕೆ ಅವಳಿಗೆ.

ಕಾಯಿಮಾಮ ಇಬ್ಬರಿಗೂ ಸುಮ್ಮನಿರಲು ಕೈ ತೋರಿಸಿ, ಅವ್ವನ ಕಿವಿಯ ಹತ್ತಿರ ಬಗ್ಗಿದರು.

"ತಂಗೀ, ಮುರುಗನ್ ಮುಂದೆ ಏನಂದೆ ನೀನು? ಅದೇ ಮಾತ್ ಹೇಳು. ಹಂಗೇ ಹೇಳು."

ಅವ್ವ ಉಸಿರು ತೆಗೆದುಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು. "ಹೊತ್ತು... ಮುಳುಗೋಗಂಟ... ನೀರ್ ಕುಡಿಯಲ್ಲ."

"ಅಷ್ಟೇನಾ?"

"ಅಷ್ಟೆ."

"ಪ್ರಸಾದ ತಕಳಲ್ಲ ಅಂದ್ಯಾ?"

ಅವ್ವ ಕಣ್ಣು ಸ್ವಲ್ಪ ತೆರೆದಳು. "ಮುರುಗನ್ ಪ್ರಸಾದ ಯಾರ್ ಬ್ಯಾಡಾಂತಾರೆ ಅಣ್ಣಾ."

ಕಾಯಿಮಾಮ ಎದ್ದರು. ಟೆಂಪೊದಿಂದ ಒಂದು ಹಿತ್ತಾಳೆ ಚೊಂಬು, ಬೆಲ್ಲದ ಡಬ್ಬ, ಉಪ್ಪಿನ ಪೊಟ್ಟಣ ತರಿಸಿದರು. ಕುದಿಸಿ ಆರಿಸಿದ ನೀರಿಗೆ ಬೆಲ್ಲ ಕದಡಿ, ಉಪ್ಪು ಹಾಕಿ, ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡು ನೋಡಿದರು. ಚಿಕ್ಕಂದಿನಲ್ಲಿ ಎಸ್ಟೇಟಿನಲ್ಲಿದ್ದಾಗ ಭೇದಿಯಾದವರಿಗೆ ನೀರು ಕೊಟ್ಟರೆ ಇನ್ನೂ ಹೋಗುತ್ತದೆಂದು ಕೊಡದೆ ಕೂರಿಸಿ ಮನೆಯವರು ಅವರ ಜೀವವನ್ನೇ ಕಳೆದದ್ದನ್ನು ಅವರು ಕಂಡಿದ್ದರಂತೆ. ಉಪ್ಪು ಬೆಲ್ಲದ ಈ ಹದವನ್ನು ಅಲ್ಲಿಗೆ ಬರುತ್ತಿದ್ದ ಡಾಕ್ಟರು ಹೇಳಿಕೊಟ್ಟಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ. ಆಗ ಕೇಳುವ ವ್ಯವಧಾನ ಯಾರಿಗಿತ್ತು?

ಚೊಂಬನ್ನು ಒಯ್ದು ವೇಲಾಯುಧದ ಮುಂದೆ ಇಟ್ಟರು. "ಪೂಜೆ ಮಾಡಿ ಸಾಮಿ" ಅಂದರು. ಗುರುಸಾಮಿ ಚೊಂಬಿನೊಳಗೆ ಇಣುಕಿ, "ಪಾನಕಕ್ಕೆ ಉಪ್ಪು ಹಾಕ್ತಾರಾ ಯಾರಾದ್ರೂ?" ಎಂದು ಕೇಳಿದರು. ಕಾಯಿಮಾಮ ಬಜಾರಿನಲ್ಲಿ ನೋಡುವ ನೋಟವೊಂದನ್ನು ನೋಡಿದರು. ಗುರುಸಾಮಿ ಬೇಗ ಬೇಗ ಕರ್ಪೂರ ಹಚ್ಚಿ, ಗಂಟೆ ಅಲ್ಲಾಡಿಸಿ, ಹೂವೊಂದನ್ನು ಚೊಂಬಿಗೆ ತಾಗಿಸಿ ತೆಗೆದರು. ಅಷ್ಟೂ ಜನ "ಅರೋಹರಾ" ಎಂದು ಕೂಗಿದರು.

"ತಂಗೀ, ಇದು ನೀರಲ್ಲ. ಪ್ರಸಾದ" ಎಂದು ಕಾಯಿಮಾಮ ತೀರ್ಥ ಕೊಡುವ ಪುಟ್ಟ ಚಮಚವನ್ನು ಅವ್ವನ ತುಟಿಗೆ ಹಿಡಿದರು. ಅವ್ವ ಬಲಗೈಯನ್ನು ಎತ್ತಲು ನೋಡಿದಳು, ಪ್ರಸಾದ ಕೈಯಲ್ಲಿ ತೆಗೆದುಕೊಳ್ಳಬೇಕಲ್ಲ. ಕೈ ಏಳಲಿಲ್ಲ. ಆಗ ಬಾಯಿ ತೆರೆದಳು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಒಟ್ಟಿಗೇ ಅಳು, ನಗು ಬರುತ್ತದೆ. ಒಂದು ಚಮಚ ಕೊಟ್ಟು ಅವರು ಕಾಯುತ್ತಿದ್ದರು. ಸೆಂದಿಲ ಪಕ್ಕದಲ್ಲಿ ಚಡಪಡಿಸುತ್ತಿದ್ದ. ಅವ್ವ ವಾಂತಿ ಮಾಡಿಕೊಂಡರೆ ಬಾಯಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಒಂದು ಚಮಚ. ಮೂರನೆಯದೋ ನಾಲ್ಕನೆಯದೋ ಗುಟುಕಿಗೆ ಅವ್ವನ ನಾಲಿಗೆಗೆ ರುಚಿ ತಿಳಿಯಿತು. ಹುಬ್ಬು ಗಂಟಿಕ್ಕಿ, "ಅಣ್ಣಾ, ಪ್ರಸಾದ ಯಾಕ್ ಉಪ್ಪುಪ್ಪು?" ಎಂದು ಕೇಳಿದಳು. ಕಾಯಿಮಾಮ ಕ್ಷಣವೂ ತಡವರಿಸದೆ, "ಅಷ್ಟ್ ದೊಡ್ ಬೆಟ್ಟ ಹತ್ತಿ ನಿಂತವ್ನೆ ಮುರುಗ. ಬೆವ್ರಲ್ವಾ?" ಅಂದರು. ಸುತ್ತ ನಿಂತಿದ್ದವರು ಅಷ್ಟು ಭಯದಲ್ಲೂ ನಕ್ಕುಬಿಟ್ಟರು.

ಚೊಂಬು ಖಾಲಿಯಾದಾಗ ಇನ್ನೊಂದು ಕದಡಿದರು. ಅದನ್ನು ನೇರವಾಗಿ ಕೊಡಲಿಲ್ಲ. ಮತ್ತೆ ವೇಲಾಯುಧದ ಮುಂದೆ ಇಟ್ಟು, ಮತ್ತೆ ಕರ್ಪೂರ, ಮತ್ತೆ ಗಂಟೆ. ಅವ್ವ ಕಣ್ಣು ಮುಚ್ಚಿದ್ದರೂ ಗಂಟೆಯ ಸದ್ದಿಗೆ ಕಿವಿಗೊಟ್ಟಿರುತ್ತಾಳೆಂದು ಅವರಿಗೆ ಗೊತ್ತು. ನಮ್ಮ ಕರ್ಪೂರ ಮುಗಿದುಹೋಯಿತು. ಸೆಂದಿಲ ರಸ್ತೆಯಲ್ಲಿ ಹೋಗುತ್ತಿದ್ದ ಬೇರೆ ಬೇರೆ ಊರಿನ ಗುಂಪುಗಳಿಗೆ ಕೈಯೊಡ್ಡಿ ಕರ್ಪೂರ ಬೇಡಿ ತಂದ. ಬಾಟಲಿ ಹಿಡಿದು ಅವ್ವನ ಗಲ್ಲ ಒತ್ತಿದ್ದ ಅದೇ ಹುಡುಗ ಈಗ ಗಂಟೆ ಅಲ್ಲಾಡಿಸುತ್ತಿದ್ದ.

ನಡುವೆ ಒಮ್ಮೆ ಕಾಯಿಮಾಮ ನನ್ನನ್ನು ಪಕ್ಕಕ್ಕೆ ಕರೆದರು. ಹುಣಸೆಮರದ ಕೊಂಬೆಯನ್ನು ನೋಡುತ್ತ, "ಕೂಸೆ, ಅವ್ಳು... ಒಂದಕ್ಕೆ ಹೋದ್ಳಾ?" ಎಂದು ಕೇಳಿದರು. ನಮ್ಮಲ್ಲಿ ಅಣ್ಣನ ಸ್ಥಾನದವರು ಕೇಳುವ ಮಾತಲ್ಲ ಅದು. ಇಲ್ಲ ಮಾಮ ಅಂದೆ. "ಸರಿ. ಇನ್ನೊಂದ್ ಪೂಜೆ ಮಾಡಮ" ಅಂದರು. ಬಿಸಿಲು ವಾಲುವ ಹೊತ್ತಿಗೆ ಅವ್ವ ನನ್ನ ಸೆರಗು ಜಗ್ಗಿದಳು. ನಾನೂ ಇನ್ನೊಬ್ಬ ಹೆಂಗಸೂ ಅವಳನ್ನು ಹಿಡಿದು ಮರೆಗೆ ಕರೆದುಕೊಂಡು ಹೋಗಿ ಬಂದೆವು. ದೂರದಿಂದಲೇ ಕಾಯಿಮಾಮನಿಗೆ ತಲೆ ಅಲ್ಲಾಡಿಸಿದೆ. ಅವರು ಅಲ್ಲೇ ನೆಲಕ್ಕೆ ಕುಸಿದು ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡರು. ಟವೆಲು ತೆಗೆದು, ಟೀ ಬೇಕು ಅಂದರು.

ಆಂಬುಲೆನ್ಸ್ ಬಂದದ್ದು ಅದಾದ ಮೇಲೆ. ಅದರಲ್ಲಿದ್ದ ನರ್ಸ್ ನಾಡಿ ಹಿಡಿದು, ಕಣ್ಣು ನೋಡಿ, ಏನು ಕೊಟ್ಟಿರಿ ಎಂದು ತಮಿಳಿನಲ್ಲಿ ಕೇಳಿದಳು. "ಪ್ರಸಾದಂ" ಅಂದರು ಕಾಯಿಮಾಮ. ಅವಳು ಚೊಂಬನ್ನೂ ಉಪ್ಪಿನ ಪೊಟ್ಟಣವನ್ನೂ ನೋಡಿ ನಕ್ಕಳು. ಒಳ್ಳೆಯದಾಯಿತು, ಆದರೂ ಆಸ್ಪತ್ರೆಗೆ ಬರಲೇಬೇಕು ಅಂದಳು. ಅವ್ವ ಮತ್ತೆ ಗಟ್ಟಿಯಾದಳು. ನಡೆಯುತ್ತೇನೆಂದು ಹೇಳಿ ಬಂದವಳು ಗಾಡಿ ಹತ್ತುವುದು ಹೇಗೆ?

"ಗಾಡಿ ಹತ್ತಲ್ಲ ಅಂತ ಅಂದಿದ್ಯಾ?" ಕಾಯಿಮಾಮ ಕೇಳಿದರು.

"ಇಲ್ಲ."

"ಹಂಗಾದ್ರೆ ಹತ್ತು. ವಾಸಿಯಾದ್ಮ್ಯಾಗೆ ಇದೇ ಮರದಿಂದ ನಡಿ. ಒಂದ್ ಹೆಜ್ಜೆನೂ ಕಮ್ಮಿ ಆಗಕಿಲ್ಲ."

ಅವ್ವ ಯೋಚಿಸಿ ಹತ್ತಿದಳು. ಆಸ್ಪತ್ರೆಯಲ್ಲಿ ಬಾಟಲಿ ತೂಗುಹಾಕಿ ಕೈಗೆ ಸೂಜಿ ಚುಚ್ಚುವಾಗಲೂ ಅವಳದು ಅದೇ ಅನುಮಾನ. "ಇನ್ನ ಹೊತ್ ಮುಳುಗಿಲ್ಲ. ನರದಾಗೆ ಹೋದ್ರೆ ಕುಡ್ದಂಗಾ ಅಣ್ಣಾ?" "ಬಾಯ್ ಮುಚ್ಕಂಡಿರು. ಬಾಯ್ ಮುಚ್ಕಂಡ್ ಯಾರಾದ್ರೂ ಕುಡಿಯಕಾತದಾ?" ಎಂದು ಜೊತೆಗೆ ಬಂದಿದ್ದ ಕಾಯಿಮಾಮ. ಡಾಕ್ಟರು ನನ್ನನ್ನು ಹೊರಗೆ ಕರೆದು, ಅಷ್ಟು ಹೊತ್ತು ಏನೂ ಹೋಗದೆ ಇದ್ದಿದ್ದರೆ ಕಿಡ್ನಿ ಕೈಬಿಡುತ್ತಿತ್ತು, ಜೀವವೂ ಹೋಗುತ್ತಿತ್ತೇನೋ ಅಂದರು. ನಾನು ವರಾಂಡದ ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ.

ಅವ್ವ ಸುಧಾರಿಸಿಕೊಂಡ ಮೇಲೆ ಸೆಂದಿಲ ಅವಳನ್ನು ಅದೇ ಹುಣಸೆಮರದ ಬುಡಕ್ಕೆ ಕರೆತಂದು ಇಳಿಸಿದ. ಕಾಯಿಮಾಮ, ಸೆಂದಿಲ, ನಾನು, ಮೂವರೂ ಅವಳ ಜೊತೆಗೆ ನಡೆದೆವು. ಉಳಿದ ದಾರಿಯಲ್ಲಿ ಚಪ್ಪರ ಕಂಡಲ್ಲೆಲ್ಲ ಕಾಯಿಮಾಮ ಕರ್ಪೂರ ಹಚ್ಚಿಸಿದರು. ಅವ್ವ ಎಲ್ಲ ಕಡೆಯೂ ಪ್ರಸಾದ ಸ್ವೀಕರಿಸಿದಳು. ಹೊತ್ತು ಮುಳುಗುವವರೆಗೆ ನೀರು ಮಾತ್ರ ಕುಡಿಯಲಿಲ್ಲ.

ಪಳನಿಯಲ್ಲಿ ಬೆಟ್ಟ ಹತ್ತುವ ಮೊದಲು ಕಾಯಿಮಾಮ ಮಾಯವಾದರು. ಹುಡುಕಿ ಹುಡುಕಿ ಸಾಕಾಗಿ ನಾವು ಬೆಟ್ಟದ ಬುಡದ ಅಡಿವಾರದಲ್ಲಿ ನಿಂತಿದ್ದಾಗ ತಲೆ ನುಣ್ಣಗೆ ಬೋಳಿಸಿಕೊಂಡು, ಗಂಧ ಬಳಿದುಕೊಂಡು ಬಂದರು. ದೇವರೊಂದಿಗೆ ವ್ಯವಹಾರವಿಲ್ಲದ ಮನುಷ್ಯ! ಸೆಂದಿಲ, "ಏನ್ ಮಾಮ, ನಿಂಗ್ಯಾವ ಹರ್ಕೆ?" ಎಂದು ಛೇಡಿಸಿದ. "ಬಿಸ್ಲು ಮಾಪ್ಳೆ. ತಲೆ ಕಾದೋಯ್ತು" ಅಂದರು. ಅವ್ವ ಆ ತಲೆಯನ್ನೇ ತುಂಬ ಹೊತ್ತು ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಊರಿಗೆ ಬಂದ ಮೇಲೆ ಈ ವಿಷಯ ಎತ್ತಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವ್ವ ಹಬ್ಬಕ್ಕೆ ಏನಾದರೂ ಮಾಡಿ ಕಳಿಸಿದರೆ ತಿನ್ನುತ್ತಿದ್ದರು, ಉಪಕಾರದ ಮಾತು ಬಂದರೆ, "ನಂಗ್ಯಾಕ್ ಹೇಳ್ತೀಯ? ಪಳನಿ ಬಸ್ಸು ದಿನಾ ಓಡ್ತದೆ, ಹೋಗಿ ಅವನ್ಗೆ ಹೇಳು" ಎಂದು ಅಟ್ಟುತ್ತಿದ್ದರು. ಒಂದು ಫಲ ಮಾತ್ರ ಅವರು ತಪ್ಪಿಸಿಕೊಳ್ಳಲಾಗದ್ದು. ಬೀದಿಯ ಯಾವ ಮನೆಯಲ್ಲಿ ಮಕ್ಕಳಿಗೆ ಭೇದಿಯಾದರೂ ಕಾಯಿಮಾಮನಿಗೆ ಕರೆ ಬರುತ್ತಿತ್ತು. ಹರಕೆ ಗಿರಕೆ ಇಲ್ಲದ ಮಕ್ಕಳಿಗೆ ಸುಮ್ಮನೆ ಉಪ್ಪು ಬೆಲ್ಲದ ನೀರು ಕೊಡಲು ಹೋದರೆ ಅವು ಒಪ್ಪುತ್ತಿರಲಿಲ್ಲ. ಕತೆ ಕೇಳಿದ್ದವಲ್ಲ, ಕರ್ಪೂರ ಹಚ್ಚಿ ಗಂಟೆ ಹೊಡೆದರೇ ಕುಡಿಯುತ್ತೇವೆ ಎಂದು ಹಟ ಹಿಡಿಯುತ್ತಿದ್ದವು. ಅವರು ಬೈದುಕೊಳ್ಳುತ್ತ ಗಂಟೆ ತರಲು ಮನೆಗೆ ಹೋಗುತ್ತಿದ್ದರು.

ಮೊನ್ನೆ ಮೊನ್ನೆ ಸೆಂದಿಲ ಫೋನು ಮಾಡಿ, ಕಾಯಿಮಾಮ ಹೋದರು ಅಂದ. ವಯಸ್ಸಾಗಿತ್ತು, ನರಳಲಿಲ್ಲ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಕರ್ಮದ ದಿನಕ್ಕೆ ಹೋದೆ. ನೆಂಟರೆಲ್ಲ ಉಂಡು ಹೊರಟ ಮೇಲೆ ಅತ್ತ ಅವ್ವ, ಇತ್ತ ನಾನು, ನಡುವೆ ಅತ್ತೆ, ಮೂವರೂ ಅವರ ಜಗಲಿಯಲ್ಲಿ ಕೂತೆವು. ಪಳನಿಯ ಮಾತು ತಾನಾಗಿ ಬಂತು. ನಾನು ಆ ಬೋಳುತಲೆಯ ವಿಷಯ ಹೇಳಿ ನಗಿಸಲು ನೋಡಿದೆ.

ಅತ್ತೆ ನಗಲಿಲ್ಲ. "ಬಿಸ್ಲಿಗಲ್ಲ ಕೂಸೆ" ಅಂದರು. "ನಂಗೊಬ್ಳಿಗೇ ಹೇಳಿದ್ರು. 'ನೀರನ್ನ ಪ್ರಸಾದ ಅಂತ ಸುಳ್ ಹೇಳಿ ಅವ್ಳಿಗೆ ಕುಡಿಸ್ದೆ. ಪಾಪ, ಅವ್ಳಿಗೆ ಏನೂ ತಿಳೀದು. ತಪ್ಪಿದ್ರೆ ನಂದು, ಅವಳ್ ಮಗನ್ ಮ್ಯಾಗೆ ಹಾಕ್ಬ್ಯಾಡ' ಅಂತ ಮುರುಗನ್ ಹತ್ರ ಹೇಳ್ಕಂಡು ಮುಡಿ ಕೊಟ್ರಂತೆ. ಯಾರ್ಗೂ ಹೇಳ್ಬ್ಯಾಡ ಅಂದಿದ್ರು. ಇನ್ಯಾರ್ ಬೈತಾರೆ ನನ್ನ." ಹೀಗೆ ಹೇಳಿ ಕಣ್ಣೊರೆಸಿಕೊಂಡು, ಒಲೆಯ ಮೇಲಿಟ್ಟ ಹಾಲು ನೋಡಲು ಒಳಗೆ ಹೋದರು.

ನಾನು ಅವ್ವನ ಮುಖ ನೋಡಿದೆ. ಅವಳಿಗೆ ಆಘಾತವಾಗಿರಬಹುದು, ಹರಕೆ ಮುರಿಯಿತೆಂದು ಈ ವಯಸ್ಸಿನಲ್ಲಿ ಕೊರಗು ಹತ್ತಬಹುದು ಎಂದು ನನಗೆ ಅಳುಕು. ಅವಳು ಬೀದಿಯನ್ನೇ ನೋಡುತ್ತಿದ್ದಳು.

"ನಂಗ್ ಗೊತ್ತಿತ್ತು" ಅಂದಳು.

"ಏನು ಗೊತ್ತಿತ್ತು?"

"ಅದು ನೀರೇ ಅಂತ. ಬೆಲ್ಲ ಹಾಕ್ದ್ರೆ ನೀರು ನೀರಲ್ದಂಗಾತದಾ? ನಾನೇನ್ ಕೂಸಾ?"

ಅವ್ವ ದನಿ ತಗ್ಗಿಸಿದಳು. "ಸಾಯಕ್ ಭಯ ಆತು ಕೂಸೆ. ಆ ಮರದ್ ಕೆಳ್ಗೆ ಬಿದ್ದಿದ್ನಲ್ಲ, ಭಯ ಆತು. ಕುಡೀಬೇಕೂಂತ ಜೀವ ಬಡ್ಕಂತಿತ್ತು. ಕೊಡೀಂತ ಹೆಂಗ್ ಕೇಳ್ಲಿ? ನನ್ ಬಾಯಿಂದ ನಾನ್ ಹೆಂಗ್ ಕೇಳ್ಲಿ? ನೀವು ಹರ್ಕೆ ಬಿಡು, ಹರ್ಕೆ ಬಿಡೂಂತ ಬಡ್ಕಂಡ್ರಿ. ಅಣ್ಣ ಒಬ್ರೇ ಅದನ್ ಬಿಡೂಂತ ಅನ್ನಿಲ್ಲ."

"ಹಾಗಾದರೆ ಆ ಬೋಳುತಲೆ ನೋಡಿದಾಗಲೇ..."

"ನೋಡ್ದಾಗ್ಲೇ ತಿಳೀತು, ಯಾಕಂತ. ಗೊತ್ತಿದ್ದೇ ಕುಡ್ದೆ ಅಣ್ಣಾ ಅಂತ ಹೇಳಕ್ಕೆ ಬಾಯಿಗಂಟ ಬಂತು. ಹೇಳಿದ್ರೆ ಅವ್ರ್ ಮುಡಿ ಸುಮ್ಮಾ ಹೋಗ್ತಿತ್ತು. ನಂಗೋಸ್ಕರ ತಪ್ಪ ತಮ್ ತಲೆ ಮ್ಯಾಗೆ ಹೊತ್ಕಂಡಿದ್ದು. ಹೊತ್ಕಳ್ಲಿ ಅಂತ ಬಿಟ್ಟೆ."

ಒಳಗಿನಿಂದ ಅತ್ತೆ ಕರೆದರು. ಅವ್ವ ಮಂಡಿ ಹಿಡಿದುಕೊಂಡು ಎದ್ದು ಹೋದಳು. ನಾನು ಅಲ್ಲೇ ಕೂತಿದ್ದೆ. ಆ ದಿನ ಅವಳ ತಲೆ ನನ್ನ ತೊಡೆಯ ಮೇಲಿತ್ತು, ತಮ್ಮ ಅವಳ ಗಲ್ಲ ಹಿಡಿದುಕೊಂಡಿದ್ದ. ನಮ್ಮಿಬ್ಬರಿಗೂ ಕಂಡದ್ದು ಅವಳ ಹಟ ಮಾತ್ರ. ಅವಳಿಗೆ ಬದುಕುವ ಆಸೆಯಿದೆ ಎಂದು ಕಂಡದ್ದು ಕಾಯಿಮಾಮನೊಬ್ಬರಿಗೆ.